ರಿಪೀಟರ್ ಯಂತ್ರ ಮತ್ತು ಅದರ ಸಂಕೇತ ಸಂಖ್ಯೆ

ಜಾತ್ರೆ, ಚುನಾವಣೆಗಳ ಸಮಯದಲ್ಲಿ ಪೊಲೀಸರ ಕೈಯಲ್ಲಿ ವಾಕಿಟಾಕಿ ಇರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇದರ ಶಕ್ತಿ ಸಾಮಾನ್ಯವಾಗಿ 5 ವ್ಯಾಟ್ ಮಾತ್ರ. ಮನೆ, ಮರ, ಗುಡ್ಡಗಳು ಅಡ್ಡ ಬಂದರೆ ಇದರ ಅಲೆಗಳು ಕೆಲವೇ ಕಿಲೋಮೀಟರು ತಲಪುತ್ತವೆ. ಆದ್ದರಿಂದ ಎತ್ತರದ ಸ್ಥಳದಲ್ಲಿ ರಿಪೀಟರ್ ಎಂಬ ಯಂತ್ರವನ್ನು ಸ್ಥಾಪಿಸುತ್ತಾರೆ. ಅದು ಒಂದು ಫ್ರೀಕ್ವೆನ್ಸಿಯಲ್ಲಿ ಮಾತನ್ನು ಪಡೆದು, ಅದೇ ಕ್ಷಣದಲ್ಲಿ ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಹೆಚ್ಚು ಶಕ್ತಿಯಿಂದ ದೂರಕ್ಕೆ ಕಳುಹಿಸುತ್ತದೆ.

ಈಗ ಒಂದು ಕಲ್ಪನೆ ಮಾಡೋಣ. ನಾರಾಯಣಪೇಟೆಯಲ್ಲಿ ಒಂದು, ಗದ್ವಾಲದಲ್ಲಿ ಒಂದು ರಿಪೀಟರ್ ಇವೆ; ಎರಡಕ್ಕೂ ಫ್ರೀಕ್ವೆನ್ಸಿ ಒಂದೇ. ನಡುವೆ ಇರುವ ಮಕ್ತಲದಿಂದ ಒಬ್ಬರು ಮಾತನಾಡಿದರೆ ಏನಾಗುತ್ತದೆ? ಎರಡೂ ಯಂತ್ರಗಳು ಓಗೊಟ್ಟು, ಒಂದರ ಮಾತಿನ ಮೇಲೆ ಇನ್ನೊಂದರ ಮಾತು ಬಿದ್ದು ಕಲಸಿಹೋಗುತ್ತದೆ. ಇದನ್ನು ತಪ್ಪಿಸುವುದೇ ಸಂಕೇತದ ಕೆಲಸ.

ಹಳೆಯ ಅನಲಾಗ್ ಪದ್ಧತಿಯಲ್ಲಿ ಮಾತಿನ ಜೊತೆಗೆ ಒಂದು ತಗ್ಗು ನಾದವನ್ನು ಕಳುಹಿಸುತ್ತಾರೆ. ಅದು ಸಾಮಾನ್ಯವಾಗಿ 67ರಿಂದ 254 ಹರ್ಟ್ಸ್‌ವರೆಗೆ ಇರುತ್ತದೆ. ರೇಡಿಯೊ ಅದನ್ನು ಸೋಸಿಬಿಡುವುದರಿಂದ ನಮಗೆ ಕೇಳಿಸುವುದಿಲ್ಲ. 2005ರಲ್ಲಿ ಯೂರೋಪಿನಲ್ಲಿ ಪ್ರಕಟವಾದ ಡಿ.ಎಂ.ಆರ್. ಎಂಬ ಡಿಜಿಟಲ್ ಪದ್ಧತಿಯಲ್ಲಿ ನಾದದ ಬದಲು ‘ಕಲರ್ ಕೋಡ್’ ಇದೆ. ಹೆಸರಿಗೆ ಬಣ್ಣ; ಇರುವುದು 0ಯಿಂದ 15ರವರೆಗಿನ ಅಂಕೆ. ನಾರಾಯಣಪೇಟೆಗೆ 3, ಗದ್ವಾಲಕ್ಕೆ 7 ಎಂದಿಟ್ಟರೆ, 3ನ್ನು ಹೊತ್ತ ಮಾತಿಗೆ ನಾರಾಯಣಪೇಟೆಯ ಯಂತ್ರ ಮಾತ್ರ ಓಗೊಡುತ್ತದೆ.

ಈ ಅಂಕೆಗಳನ್ನು ರೇಡಿಯೊದಲ್ಲಿ ತುಂಬುವ ಕ್ರಮ ಹೀಗಿದೆ. ರೇಡಿಯೊವನ್ನು ತಂತಿಯಿಂದ ಕಂಪ್ಯೂಟರಿಗೆ ಜೋಡಿಸಬೇಕು. ರಿಪೀಟರ್ ಕಳುಹಿಸುವ ಫ್ರೀಕ್ವೆನ್ಸಿ ನಮಗೆ ಕೇಳುವ ಫ್ರೀಕ್ವೆನ್ಸಿ. ಅದು ಕೇಳುವುದು ನಾವು ಕಳುಹಿಸುವುದು. ಬಳಿಕ ಕಲರ್ ಕೋಡ್ ಬರೆಯಬೇಕು. ಡಿ.ಎಂ.ಆರ್.ನಲ್ಲಿ ಒಂದೇ ಫ್ರೀಕ್ವೆನ್ಸಿಯನ್ನು 30 ಮಿಲಿಸೆಕೆಂಡಿನ ಎರಡು ಸರದಿಗಳಾಗಿ ಹಂಚಿ, ಎರಡು ಸಂಭಾಷಣೆಗಳನ್ನು ನಡೆಸುತ್ತಾರೆ. ಆದ್ದರಿಂದ ನಮ್ಮದು ಯಾವ ಸರದಿ, ಯಾವ ಗುಂಪು ಎಂಬುದನ್ನೂ ತುಂಬಬೇಕು. ಕಲರ್ ಕೋಡ್ ತಪ್ಪಿದರೆ ಯಂತ್ರ ಓಗೊಡುವುದಿಲ್ಲ. ಗುಂಪು ತಪ್ಪಿದರೆ ಯಂತ್ರ ಓಗೊಟ್ಟರೂ ನಮ್ಮವರಿಗೆ ಮಾತು ಕೇಳಿಸದೆ ಹೋಗಬಹುದು.

ಕಲರ್ ಕೋಡ್ ಬೀಗವಲ್ಲ, ಗುರುತು ಮಾತ್ರ. ಇರುವುದೇ 16 ಅಂಕೆಗಳಾದ್ದರಿಂದ ಬೇರೆಯವರು ಅದನ್ನು ಸುಲಭವಾಗಿ ಕಂಡುಕೊಳ್ಳಬಲ್ಲರು. ಮಾತನ್ನು ಗುಟ್ಟಾಗಿಡುವ ಗೂಢಲಿಪಿಯ ವಿಧಾನವೇ ಬೇರೆ. ಪರವಾನಗಿ ಇಲ್ಲದೆ ಇಂಥ ರೇಡಿಯೊ ಬಳಸುವುದು ಕಾನೂನಿಗೆ ವಿರುದ್ಧವೆಂಬುದನ್ನೂ ವಿದ್ಯಾರ್ಥಿಗಳು ನೆನಪಿಡಬೇಕು.

ನಮ್ಮದು ಕೃಷ್ಣಾ, ತುಂಗಭದ್ರೆಯರ ಸೀಮೆ. 2009ರ ಅಕ್ಟೋಬರಿನ ಮಹಾಪೂರವನ್ನು ಹಿರಿಯರು ಮರೆತಿಲ್ಲ. ಅಂಥ ದಿನಗಳಲ್ಲಿ ವಿದ್ಯುತ್ತು, ಟೆಲಿಫೋನು ನಿಂತುಹೋಗಬಹುದು. ಆಗ ಬ್ಯಾಟರಿಯಿಂದ ನಡೆಯುವ ರಿಪೀಟರ್ ಒಂದು ಆಸರೆ. ಆದರೆ ದೋಣಿಯವನ ರೇಡಿಯೊದಲ್ಲಿ 3 ಇದ್ದು, ದಡದ ಯಂತ್ರದಲ್ಲಿ 7 ಇದ್ದರೆ ಅವನ ಕೂಗು ಯಾರಿಗೂ ಮುಟ್ಟದು. ಆದ್ದರಿಂದ ಮಳೆಗಾಲಕ್ಕೆ ಮುಂಚೆಯೇ ಪ್ರತಿಯೊಂದು ರೇಡಿಯೊದ ಅಂಕೆಗಳನ್ನು ಕಾಗದದ ಮೇಲೆ ಬರೆದಿಟ್ಟು, ಮಾತನಾಡಿ ಪರೀಕ್ಷಿಸಿ ನೋಡುವುದು ಅವಶ್ಯಕ.