ಗ್ಲಾಸ್ಗೋ ಗೇಲಿಕ್ ಶಾಲೆ: ಮನೆಯಲ್ಲಿಲ್ಲದ ಮಾತಿನ ಮಾಧ್ಯಮ

ಸ್ಕಾಟ್ಲೆಂಡಿನಲ್ಲಿ ಶಿಕ್ಷಣವನ್ನು ಕಡ್ಡಾಯಗೊಳಿಸಿದ 1872ರ ಕಾಯಿದೆಯಲ್ಲಿ ಗೇಲಿಕ್ ಭಾಷೆಯ ಪ್ರಸ್ತಾಪವೇ ಇರಲಿಲ್ಲ. ನಿಷೇಧಿಸುವಷ್ಟರ ಮಟ್ಟಿಗೂ ಅದನ್ನು ಗಣನೆಗೆ ತೆಗೆದುಕೊಂಡಿರಲಿಲ್ಲವೆಂಬುದು ಗಮನಾರ್ಹ. 1891ರಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕಿದ್ದ ಗೇಲಿಕ್ ಭಾಷಿಕರ ಸಂಖ್ಯೆ 2001ರ ಜನಗಣತಿಯ ವೇಳೆಗೆ 58,652ಕ್ಕೆ ಇಳಿಯಿತು. ಇದಕ್ಕೆ ವಲಸೆ, ಒಕ್ಕಲೆಬ್ಬಿಸುವಿಕೆಗಳೂ ಕಾರಣವೆಂಬುದು ನಿಜ. ಆದರೆ ಶಾಲೆಯ ಪಾಲನ್ನು ಅಲ್ಲಗಳೆಯಲಾಗದು. ಭಾಷೆಯನ್ನು ಹೊರಗಿಟ್ಟ ಅದೇ ಪ್ರಭುತ್ವದ ಶಾಲಾವ್ಯವಸ್ಥೆಯ ಮೂಲಕ ಭಾಷೆಯನ್ನು ಮರಳಿ ಪಡೆಯುವ ಪ್ರಯತ್ನವಾಗಿ ಗ್ಲಾಸ್ಗೋ ಗೇಲಿಕ್ ಶಾಲೆಯನ್ನು ನೋಡಬೇಕಾಗುತ್ತದೆ.

ಗೇಲಿಕ್ ಮಾಧ್ಯಮದ ಬೋಧನೆ ಈ ನಗರದಲ್ಲಿ ಆರಂಭವಾದದ್ದು 1985ರಲ್ಲಿ, ಇಂಗ್ಲಿಷ್ ಪ್ರಾಥಮಿಕ ಶಾಲೆಯೊಂದರ ಒಳಗಿನ ಚಿಕ್ಕ ಘಟಕವಾಗಿ. ಅದೇ ವರ್ಷ ಇನ್ವರ್ನೆಸ್‌ನಲ್ಲಿಯೂ ಇಂಥದೊಂದು ಘಟಕ ತೆರೆಯಿತು. ಘಟಕದ ಮಿತಿ ಸ್ಪಷ್ಟವಾಗಿತ್ತು: ತರಗತಿಯ ಬಾಗಿಲು ದಾಟಿದರೆ ಇಂಗ್ಲಿಷ್. 1999ರಲ್ಲಿ ಪ್ರತ್ಯೇಕ ಗೇಲಿಕ್ ಪ್ರಾಥಮಿಕ ಶಾಲೆ ಸ್ಥಾಪನೆಗೊಂಡಿತು. 2006ರಲ್ಲಿ ವುಡ್‌ಸೈಡ್‌ನ ಹಳೆಯ ಪ್ರೌಢಶಾಲಾ ಕಟ್ಟಡದಲ್ಲಿ ಶಿಶುವಿಹಾರದಿಂದ ಹದಿನೆಂಟರ ವಯಸ್ಸಿನವರೆಗೆ ಒಂದೇ ಸೂರಿನಡಿ ಕಲಿಸುವ ಶಾಲೆಯಾಗಿ ಅದು ವಿಸ್ತರಿಸಿತು. ಊಟದ ಕೋಣೆ, ಕಚೇರಿ, ಆಟದ ಬಯಲುಗಳೂ ಭಾಷೆಯ ನೆಲೆಗಳಾಗುವ ಸಾಧ್ಯತೆ ಆಗ ಒದಗಿತು. ನಗರಸಭೆಯ ಆಡಳಿತಕ್ಕೆ ಒಳಪಟ್ಟ ಈ ಶಾಲೆಯಲ್ಲಿ ಬೋಧನಾಶುಲ್ಕವಿಲ್ಲ.

ಇಲ್ಲಿಗೆ ಬರುವ ಬಹುಪಾಲು ಮಕ್ಕಳ ಮನೆಮಾತು ಗೇಲಿಕ್ ಅಲ್ಲ. ಆದ್ದರಿಂದ ಆರಂಭದ ವರ್ಷಗಳಲ್ಲಿ ಎಲ್ಲ ಬೋಧನೆಯೂ ಗೇಲಿಕ್‌ನಲ್ಲಿಯೇ ನಡೆಯುತ್ತದೆ; ಇಂಗ್ಲಿಷ್ ಓದು-ಬರಹ ಅನಂತರ ಸೇರಿಕೊಳ್ಳುತ್ತದೆ. ಕನ್ನಡದ ಶಿಕ್ಷಣ ಮಾಧ್ಯಮದ ಚರ್ಚೆಗಳು ಬಹುಮಟ್ಟಿಗೆ ಮಗುವಿನ ಮನೆಮಾತನ್ನು ಆಧರಿಸಿವೆ. ಗ್ಲಾಸ್ಗೋದಲ್ಲಿ ಆ ವಾದಕ್ಕೆ ಆಸ್ಪದವಿಲ್ಲ. ಮನೆಮಾತನ್ನು ಬದಿಗಿರಿಸಿಯೇ ಅಲ್ಲಿ ಮಾಧ್ಯಮ ನಿಂತಿದೆ. 'ಮಾತೃಭಾಷಾ ಮಾಧ್ಯಮ' ಎಂಬ ಪರಿಕಲ್ಪನೆಯನ್ನು ಅದಕ್ಕೆ ಹಾಗೆಯೇ ಅನ್ವಯಿಸುವುದು ತಪ್ಪಾದೀತು.

ಇಂಥ ಶಿಕ್ಷಣ ಭಾಷೆಯನ್ನು ಉಳಿಸಬಲ್ಲದೆ? ಸ್ಟುವರ್ಟ್ ಡನ್‌ಮೋರ್ ಅವರ ಅಧ್ಯಯನವು ಈ ಪ್ರಶ್ನೆಯನ್ನು ಇನ್ನಷ್ಟು ಜಟಿಲಗೊಳಿಸಿದೆ. ಒಂದು ಶಾಲೆಗೆ ಸೀಮಿತವಾಗದೆ, ಗೇಲಿಕ್ ಮಾಧ್ಯಮದ ಮೊದಲ ದಶಕದಲ್ಲಿ ಕಲಿತು ಈಗ ವಯಸ್ಕರಾಗಿರುವವರನ್ನು ಅವರು ಸಂದರ್ಶಿಸಿದರು. ಭಾಷೆಯ ಬಗೆಗೆ ಅಭಿಮಾನವಿದ್ದರೂ ಅವರಲ್ಲಿ ಹೆಚ್ಚಿನವರ ನಿತ್ಯಜೀವನದಲ್ಲಿ ಗೇಲಿಕ್ ಬಳಕೆ ವಿರಳವಾಗಿತ್ತು. ಮನೆಯಲ್ಲಿಯೂ ಗೇಲಿಕ್ ಕೇಳಿ ಬೆಳೆದವರ ನಡವಳಿಕೆ ಸ್ವಲ್ಪ ಭಿನ್ನವಾಗಿತ್ತು. ಆದರೆ ಆ ತಲೆಮಾರು ಕಲಿತದ್ದು ಮುಖ್ಯವಾಗಿ ಘಟಕಗಳಲ್ಲಿ ಎಂಬುದನ್ನು ಮರೆಯುವಂತಿಲ್ಲ. ಇಡೀ ಆವರಣವೇ ಗೇಲಿಕ್‌ನದಾದ ಶಾಲೆಯಲ್ಲಿ ಮೂರನೆಯ ವಯಸ್ಸಿನಿಂದ ಬೆಳೆದವರು 2020ರ ದಶಕದಲ್ಲಿಯಷ್ಟೇ ಹೊರಬರತೊಡಗಿದ್ದಾರೆ. ಅವರು ತಮ್ಮ ಮಕ್ಕಳೊಡನೆ ಯಾವ ಭಾಷೆಯಲ್ಲಿ ಮಾತನಾಡುವರೆಂಬುದು ಇನ್ನು ಮುಂದೆ ತಿಳಿಯಬೇಕಾದ ಸಂಗತಿ.