ಲಂಬಿತ ಸ್ವರಗುಚ್ಛಗಳ ಗುರುತು ಮತ್ತು ಪ್ರಯೋಗ

ಪಾಶ್ಚಾತ್ಯ ಸಂಗೀತದಲ್ಲಿ ಕಾರ್ಡ್ ಎಂದು ಹೆಸರಾದ ಸ್ವರಗುಚ್ಛದ ಸರಳ ರೂಪವು ಮೂರು ಸ್ವರಗಳದು. ಕೀಲಿಮಣೆಯ ಸಿ ಸ್ವರವನ್ನು ಷಡ್ಜವೆಂದು ಭಾವಿಸಿದರೆ, ಷಡ್ಜ, ಗಾಂಧಾರ, ಪಂಚಮಗಳನ್ನು ಒಟ್ಟಿಗೆ ನುಡಿಸಿದಾಗ ಅದು ಸಿದ್ಧವಾಗುತ್ತದೆ. ಅಂತರ ಗಾಂಧಾರವಿದ್ದರೆ ಮೇಜರ್. ಸಾಧಾರಣ ಗಾಂಧಾರವಿದ್ದರೆ ಮೈನರ್. ಈ ಗಾಂಧಾರವನ್ನು ತೆಗೆದು ಅದರ ಸ್ಥಾನದಲ್ಲಿ ಶುದ್ಧ ಮಧ್ಯಮವನ್ನಾಗಲಿ ಚತುಶ್ರುತಿ ರಿಷಭವನ್ನಾಗಲಿ ಇರಿಸಿದರೆ ದೊರೆಯುವುದೇ ಸಸ್ಪೆಂಡೆಡ್ ಕಾರ್ಡ್. ಇದನ್ನು ನಾವು ಪ್ರಕೃತ ಲೇಖನದಲ್ಲಿ ಲಂಬಿತ ಗುಚ್ಛವೆಂದು ಕರೆಯುತ್ತೇವೆ.

ಹೆಸರಿನ ಇತಿಹಾಸವು ವಿಚಾರಾರ್ಹವಾಗಿದೆ. 1558ರಲ್ಲಿ ವೆನಿಸ್ಸಿನ ಜಾರ್ಲಿನೊ, 1725ರಲ್ಲಿ ವಿಯೆನ್ನಾದ ಫುಕ್ಸ್ ತಮ್ಮ ಗ್ರಂಥಗಳಲ್ಲಿ ವಿವರಿಸಿರುವ ಲಂಬನವು ಗುಚ್ಛವಲ್ಲ, ಒಂದು ಸ್ವರದ ನಡೆ. ಹಿಂದಿನ ಸುಸ್ವರದಲ್ಲಿ ಹುಟ್ಟಿದ ಸ್ವರವು, ಉಳಿದ ಧ್ವನಿಗಳು ಮುಂದೆ ಸಾಗಿದರೂ ತಾನು ನಿಂತಲ್ಲೇ ನಿಂತು, ಅವುಗಳೊಡನೆ ಘರ್ಷಿಸಿ, ಬಳಿಕ ಒಂದು ಮೆಟ್ಟಿಲು ಕೆಳಗಿಳಿದು ಶಾಂತವಾಗುತ್ತಿದ್ದಿತು. ಇಂದಿನ ಲಂಬಿತ ಗುಚ್ಛಕ್ಕೆ ಆ ಪೂರ್ವಸಿದ್ಧತೆಯೂ ಬೇಡ, ಆ ಪರಿಹಾರವೂ ಬೇಡ. ದೇಸಾಯಿ, ಶಾನುಭೋಗ ಎಂಬ ಅಧಿಕಾರಸೂಚಕ ಪದಗಳು ಮನೆತನದ ಹೆಸರುಗಳಾಗಿ ಉಳಿದಂತೆಯೇ ಇದೂ ಉಳಿದಿದೆ.

ಇದರಿಂದಾಗಿಯೇ ಗುರುತಿಸುವಲ್ಲಿ ತೊಡಕು. ಸಿ, ಎಫ್, ಜಿ ಎಂಬ ಮೂರು ಸ್ವರಗಳನ್ನು ಹಾರ್ಮೋನಿಯಮ್ಮಿನಲ್ಲಿ ಒಟ್ಟಿಗೆ ಒತ್ತಿ ನೋಡಬಹುದು. ಸಿ ಆಧಾರವಾದರೆ ಇದು ಮಧ್ಯಮವುಳ್ಳ ಲಂಬಿತ ಗುಚ್ಛ; ಎಫ್ ಆಧಾರವಾದರೆ ಅವೇ ಸ್ವರಗಳು ರಿಷಭವುಳ್ಳ ಲಂಬಿತ ಗುಚ್ಛ; ಜಿ, ಸಿ, ಎಫ್ ಎಂದು ಪೇರಿಸಿದರೆ ಚತುರ್ಥಾಂತರಗಳ ರಾಶಿ. ಬೆರಳುಗಳ ಆಕಾರವನ್ನು ಮಾತ್ರ ನೋಡಿ ಹೆಸರಿಡುವುದು, ಕಾಲವನ್ನೂ ದೊರೆತ ಸ್ಥಳವನ್ನೂ ಪರಿಶೀಲಿಸದೆ ಶಾಸನವನ್ನು ಓದಿದಂತೆ. ತಳದ ಸ್ವರ ಯಾವುದು, ಹಿಂದೆ ಏನಿತ್ತು, ಮುಂದೆ ಏನು ಬರುತ್ತದೆ ಎಂಬುವೇ ನಿಜವಾದ ಸಾಕ್ಷ್ಯಗಳು. ಗಾಂಧಾರವಿಲ್ಲದಿರುವುದೇ ಲಕ್ಷಣವೆಂಬ ಪಠ್ಯಪುಸ್ತಕದ ಸೂತ್ರವನ್ನೂ ನಾವು ಪೂರ್ಣವಾಗಿ ಒಪ್ಪಲಾರೆವು; ಜಾಜ್ ವಾದಕರು ಮಧ್ಯಮದ ಮೇಲೆ, ಮೇಲಿನ ಸ್ಥಾಯಿಯಲ್ಲಿ, ಗಾಂಧಾರವನ್ನೂ ಸೇರಿಸುವುದುಂಟು.

ಅಸಾಮಾನ್ಯ ರೂಪಗಳಲ್ಲಿ ಎರಡನ್ನು ಇಲ್ಲಿ ಪರಿಶೀಲಿಸೋಣ. 1965ರ ಮಾರ್ಚ್ 17ರಂದು ಧ್ವನಿಮುದ್ರಿತವಾದ ಹರ್ಬಿ ಹ್ಯಾನ್ಕಾಕ್‌ರ 'ಮೇಡನ್ ವಾಯೇಜ್' ಕೃತಿಯ ಮೊದಲ ಗುಚ್ಛದಲ್ಲಿ ಎಡಗೈ ತಳದಲ್ಲಿ ಡಿ, ಅದರ ಮೇಲೆ ಎ, ಸಿ, ಇ, ಜಿ. ಡಿಯನ್ನು ಷಡ್ಜವೆಂದರೆ ಮೇಲಿನವು ಪಂಚಮ, ಕೈಶಿಕಿ ನಿಷಾದ, ಚತುಶ್ರುತಿ ರಿಷಭ ಮತ್ತು ಶುದ್ಧ ಮಧ್ಯಮ. ಆಶ್ಚರ್ಯದ ಸಂಗತಿಯೆಂದರೆ, ಇದೇ ರಚನೆಯನ್ನು ಫ್ರಾನ್ಸಿನ ರಾಮೊ 1722ರಲ್ಲಿಯೇ ವಿವರಿಸಿದ್ದನು: ನಾಲ್ಕು ಸ್ವರಗಳ ಸಪ್ತಮಗುಚ್ಛದ ಕೆಳಗೆ, ಐದನೆಯ ಅಂತರದಲ್ಲಿ, ಹೆಚ್ಚಿನದೊಂದು ಸ್ವರವನ್ನು ಇಡುವುದು. ಆತನ ಲೆಕ್ಕದಲ್ಲಿ ಮೂಲಸ್ವರ ಎ. ಇಂದಿನವರ ಲೆಕ್ಕದಲ್ಲಿ ಡಿ. ಸ್ವರಗಳು ಬದಲಾಗಿಲ್ಲ, ಅವುಗಳ ಕರ್ತವ್ಯ ಬದಲಾಗಿದೆ. ರಾಮೊನಿಗೆ ಅದು ಪರಿಹಾರವನ್ನು ಬೇಡುವ ಗುಚ್ಛ. ಹ್ಯಾನ್ಕಾಕ್‌ರಲ್ಲಿಯಾದರೋ ನಾಲ್ಕು ಆವರ್ತಗಳ ಕಾಲ ಅದು ಹಾಗೆಯೇ ನಿಂತು, ಅನಂತರ ಪರಿಹಾರವಾಗದೆ, ಎಫ್ ತಳದ ಅಂಥದೇ ಮತ್ತೊಂದು ಗುಚ್ಛಕ್ಕೆ ಸರಿಯುತ್ತದೆ. ಹಡಗು ದಡ ಸೇರದೆ ತೇಲುತ್ತಿರುವಂಥ ಭಾವ ಇದರಿಂದಲೇ ಉಂಟಾಗುತ್ತದೆಂದು ನಮ್ಮ ಅಭಿಪ್ರಾಯ.

ಎರಡನೆಯದು ಫ್ರಿಜಿಯನ್ ಲಂಬಿತ ಗುಚ್ಛ: ಇ, ಎಫ್, ಎ, ಬಿ, ಡಿ. ಇಯನ್ನು ಷಡ್ಜವೆಂದರೆ ಎಫ್ ಶುದ್ಧ ರಿಷಭವಾಗುತ್ತದೆ. ನಮ್ಮ ಕಿವಿಗೆ ತೋಡಿಯ ನೆರಳು ಸುಳಿದರೆ ಅಸಹಜವಲ್ಲ; ಆದರೆ ರಾಗಭಾವವು ಗಮಕದಲ್ಲಿದೆ, ಒಟ್ಟಿಗೆ ಒತ್ತಿದ ಕೀಲಿಗಳಲ್ಲಿಲ್ಲ. ಇಲ್ಲಿ ಇ, ಎಫ್‌ಗಳನ್ನು ಪಕ್ಕಪಕ್ಕದಲ್ಲಿ ನುಡಿಸಿದರೆ ಕರ್ಕಶವಾಗುವುದು. ಇಯನ್ನು ಎಡಗೈಗೆ ಒಪ್ಪಿಸಿ ಎಫ್‌ಅನ್ನು ಮೇಲಿನ ಸ್ಥಾಯಿಗೆ ಒಯ್ಯಬೇಕು. ಬಳಿಕ ಎ ಸ್ವರವನ್ನು ಅರ್ಧ ಮೆಟ್ಟಿಲು ಇಳಿಸಿ ಜಿ ಶಾರ್ಪ್ ಮಾಡಿದರೆ ಗಾಂಧಾರವು ಮರಳುತ್ತದೆ. ಅಲ್ಲಿಂದ ಎ ಮೈನರ್‌ಗೆ ದಾರಿ ಸುಗಮ. ಇಳಿಸದೆ ಎ ಸ್ವರವನ್ನು ಹಾಗೆಯೇ ನಿಲ್ಲಿಸಿ, ಬೇರೊಂದು ತಳಕ್ಕೆ ಇಡೀ ಗುಚ್ಛವನ್ನು ಸರಿಸುವವರೂ ಇದ್ದಾರೆ.