ಸಾಕಮ್ಮನ ತವರು ಯಾವುದು?

ನಮ್ಮ ಕಡೆ ವಂಶದ ನೆನಪಾಗುವುದು ಪೌತಿ ಖಾತೆ ಮಾಡಿಸುವಾಗ. ತಾತನ ಹೆಸರಲ್ಲೇ ಉಳಿದ ಪಹಣಿ ಮೊಮ್ಮಕ್ಕಳ ಹೆಸರಿಗೆ ಬರಬೇಕಾದರೆ ನಾಡಕಚೇರಿಯಿಂದ ವಂಶವೃಕ್ಷ ತರಬೇಕು. ಕೃಷ್ಣರಾಜನಗರದ ಹಳ್ಳಿಗಳಲ್ಲಿ ಆ ಮರ ಬರೆಯುವುದು ಸುಲಭವಲ್ಲ. ಮೊಮ್ಮಗನಿಗೆ ತಾತನ ಹೆಸರಿಡುವುದು ರೂಢಿ. ರಾಮೇಗೌಡರ ಮಗ ಕಾಳೇಗೌಡ, ಅವರ ಮಗ ಮತ್ತೆ ರಾಮೇಗೌಡ. ದಾಯಾದಿಗಳಿಗೂ ಅವರೇ ತಾತ, ಅಲ್ಲೂ ಒಬ್ಬ ರಾಮೇಗೌಡ. ಕೊನೆಗೆ ಗುರುತು ಸಿಗುವುದು ‘ಪಟೇಲ್ರ ಮನೆ’, ‘ಮೂಲೆಮನೆ’ ಎಂಬ ಅಡ್ಡಹೆಸರಿನಿಂದಲೇ.

ಹಳೇ ಕಾಗದ ಹುಡುಕುವವರಿಗೆ ಇನ್ನೊಂದು ತೊಡಕು, ಊರಿನ ಹೆಸರೇ ಬದಲಾಗಿದೆ. 1924ರ ಕಾವೇರಿ ನೆರೆಯ ಬಳಿಕ ಎಡತೊರೆಯವರಿಗಾಗಿ ಕಟ್ಟಿದ ಹೊಸ ಪಟ್ಟಣಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಬಿ.ಎಲ್. ರೈಸ್ 1898ರಲ್ಲಿ ತಂದ ಶಾಸನ ಸಂಪುಟದಲ್ಲಿ ಈ ತಾಲ್ಲೂಕನ್ನು ಎಡತೊರೆ ಎಂದೇ ಹುಡುಕಬೇಕು. ಹಳಬರ ಇನಿಷಿಯಲ್ಲಿನ ‘ವೈ’ ಅಕ್ಷರ ಎಡತೊರೆಯೇ ಇದ್ದೀತು.

ಇಟ್ಟ ಹೆಸರುಗಳೂ ಬಾಯಿ ಬಿಡುತ್ತವೆ. ಮನೆಯಲ್ಲೊಬ್ಬ ರಾಚಯ್ಯ, ಒಬ್ಬಳು ಚನ್ನಾಜಮ್ಮ ಇದ್ದರೆ ರಾಚಪ್ಪಾಜಿ, ಚನ್ನಾಜಮ್ಮರ ಕಪ್ಪಡಿ ಕ್ಷೇತ್ರಕ್ಕೆ ನಡೆದುಕೊಳ್ಳುವ ಒಕ್ಕಲೆನ್ನಬಹುದು. ತಿಪ್ಪಯ್ಯ, ಗುಂಡ, ಹುಚ್ಚಯ್ಯ ಎಂಬವು ನೊಂದ ಹೆಸರುಗಳು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆ ಮೇಲೆ ಮಲಗಿಸಿ ಎತ್ತಿಕೊಂಡು, ಜವರಾಯನ ಕಣ್ಣು ಬೀಳದಿರಲೆಂದು ಕೀಳು ಹೆಸರಿಡುತ್ತಿದ್ದರು. ಹೆಣ್ಣಿನ ಮೇಲೆ ಹೆಣ್ಣಾದಾಗ ‘ಇನ್ನು ಸಾಕು’ ಎಂದು ಇಟ್ಟದ್ದು ಸಾಕಮ್ಮ. ಅವಳ ಬೆನ್ನಿಗೂ ತಂಗಿ ಹುಟ್ಟಿದ್ದರೆ ಏನೆಂದು ಕರೆದರೋ!

ಹೆಸರಿನ ವಿಷಯದಲ್ಲಿ ಸ್ಪೇನಿನವರದು ಬೇರೆ ಲೆಕ್ಕ. ಫರ್ನಾಂಡೆಸ್ ಎಂದರೆ ಮೂಲದಲ್ಲಿ ಫರ್ನಾಂಡೊನ ಮಗ. ನಮ್ಮ ಇನಿಷಿಯಲ್ಲಿನಂತೆ ತಂದೆಯ ಗುರುತಾಗಿ ಹುಟ್ಟಿ, ಮುಂದೆ ಬದಲಾಗದ ಮನೆತನದ ಹೆಸರಾಗಿ ನಿಂತಿತು. ಹುಟ್ಟಿದ ದಿನದ ಸಂತನ ಹೆಸರಿಡುವ ಅವರ ಹಳೆಯ ರೂಢಿ ನಮ್ಮ ಜನ್ಮನಕ್ಷತ್ರದ ಅಕ್ಷರಕ್ಕೆ ಹತ್ತಿರ. ನನಗೆ ಹೊಟ್ಟೆಕಿಚ್ಚಾಗುವುದು ಬೇರೊಂದಕ್ಕೆ. ಅಲ್ಲಿ ಅಪ್ಪನ ಮನೆತನದ ಪಕ್ಕದಲ್ಲಿ ಅಮ್ಮನದೂ ಕೂತಿರುತ್ತದೆ. ಮದುವೆಯಾದರೂ ಹೆಣ್ಣಿನ ಹೆಸರು ಬದಲಾಗುವುದಿಲ್ಲ. ನಮ್ಮಲ್ಲಿ ಊರು, ಅಪ್ಪ, ದೇವರು ಎಲ್ಲರಿಗೂ ಹೆಸರಿನಲ್ಲಿ ಜಾಗವಿದೆ, ಅವ್ವನಿಗಿಲ್ಲ.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂದು ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಸಿಕ್ಕಿದ ಮೇಲೆ ಅವರನ್ನು ಬಿಟ್ಟು ಮರ ಬರೆಯುವಂತಿಲ್ಲ. ಹುಣಸೂರಿಗೋ ಪಿರಿಯಾಪಟ್ಟಣಕ್ಕೋ ಕೊಟ್ಟ ಸೋದರತ್ತೆಯರನ್ನು ಹುಡುಕಿಕೊಂಡು ಜನ ಕಾಗದ ಹಿಡಿದು ಬಸ್ಸು ಹತ್ತುತ್ತಾರೆ. ಸಹಿ ಹಾಕುವ ಮುಂಚೆ ಅತ್ತೆ ಜಗಲಿ ಮೇಲೆ ಕೂರಿಸಿ ಕಾಫಿ ಕೊಡುತ್ತಾಳೆ. ಅಜ್ಜಿ ಸಾಕಮ್ಮನ ತವರು ಯಾವೂರು ಅಂತ ಅವಳಿಗೆ ಗೊತ್ತಿರುತ್ತದೆ. ಕಾಗದದಲ್ಲಿ ಅದಕ್ಕೆ ಕಾಲಂ ಇಲ್ಲ.